ಮುನ್ನಡೆಯನ್ನು ಯಾವಾಗ ತೋರಿಸಬೇಕು, ಮೈತ್ರಿಯನ್ನು ಯಾವಾಗ ಮುಗಿಸಬೇಕು: ತಂತ್ರದಾಟಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಊಟ ಮುಗಿದ ಮೇಲೆ ಜಯನಗರದ ನಮ್ಮ ಮನೆಯಲ್ಲಿ ಮೇಜು ಹಾಕಿದರೆ ಕತ್ತಲಾಗುವವರೆಗೂ ಆಟ ನಡೆಯುತ್ತದೆ. ನಾಲ್ವರಿದ್ದರೆ ಕ್ಯಾಟನ್, ಐದಾರು ಜನರಿದ್ದರೆ ರಿಸ್ಕ್, ಏಳು ಜನ ಸೇರಿದ ದಿನ ಡಿಪ್ಲೊಮಸಿ. ಮೂರೂ ಬೋರ್ಡ್ ಆಟಗಳು: ಕ್ಯಾಟನ್‌ನಲ್ಲಿ ವಸ್ತುಗಳ ಕಾರ್ಡ್ ಕೂಡಿಸಿ ರಸ್ತೆ, ಊರು ಕಟ್ಟುತ್ತೇವೆ, ರಿಸ್ಕ್‌ನಲ್ಲಿ ದಾಳ ಉರುಳಿಸಿ ಲೋಕದ ನಕಾಶೆ ಗೆಲ್ಲುತ್ತೇವೆ, ಡಿಪ್ಲೊಮಸಿಯಲ್ಲಿ ಒಬ್ಬೊಬ್ಬರೂ ಯುರೋಪಿನ ಒಂದೊಂದು ದೇಶವಾಗಿ ಆಡುತ್ತೇವೆ. ಹೊಸದಾಗಿ ಬಂದವರು ಎರಡು ಮೂರು ವಾರಗಳಲ್ಲಿ ನಿಯಮಗಳನ್ನು ಕಲಿತುಬಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಒಂದೇ ರೀತಿಯಲ್ಲಿ ಸೋಲುತ್ತಾರೆ. ಆಟದ ಮುಕ್ಕಾಲು ಪಾಲು ಅವರೇ ಮುಂದಿರುತ್ತಾರೆ, ಕೊನೆಗೆ ಮೂರನೆಯವರಾಗಿ ಏಳುತ್ತಾರೆ. "ಎಲ್ಲರೂ ಸೇರಿಕೊಂಡು ನನ್ನೊಬ್ಬನನ್ನೇ ಹೊಡೆದಿರಿ" ಎಂದು ಬೇಸರ ಪಡುತ್ತಾರೆ.

ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮೂವರಿಗಿಂತ ಹೆಚ್ಚು ಜನ ಆಡುವ ಆಟದಲ್ಲಿ ಮುಂದಿರುವವರನ್ನು ಹಿಡಿದೆಳೆಯುವುದು ಉಳಿದವರ ಕೆಲಸವೇ ಆಗಿರುತ್ತದೆ. ಚೌಕಾಬಾರ ಆಡಿ ಬೆಳೆದವರಿಗೆ ಇದು ಹೊಸದಲ್ಲ. ಎಲ್ಲರಿಗಿಂತ ಮುಂದೆ ಓಡಿದ ಕಾಯಿಯ ಮೇಲೆಯೇ ಎಲ್ಲರ ಕಣ್ಣು. ಗುರುತು ಹಾಕಿದ ಮನೆಯಲ್ಲಿ ಕುಳಿತಿರುವ ಕಾಯಿಯನ್ನು ಯಾರೂ ಕಡಿಯಲಾರರು, ಆ ಮನೆಯಿಂದ ಹೊರಬಿದ್ದ ಕಾಯಿ ಉಳಿಯುವುದು ಕಷ್ಟ.

ಮುಂದಿನ ಹಂತಗಳೆಲ್ಲ ಒಂದೇ ಲೆಕ್ಕದ ಸುತ್ತ ನಿಂತಿವೆ. ನೀವು ಗೆಲ್ಲಲು ಇನ್ನು ಎಷ್ಟು ಸರದಿ ಬೇಕು? ನಿಮ್ಮನ್ನು ಕಂಡು, ಒಬ್ಬರಿಗೊಬ್ಬರು ಮಾತಾಡಿಕೊಂಡು, ನಿಮ್ಮನ್ನು ತಡೆಯಲು ಉಳಿದವರಿಗೆ ಎಷ್ಟು ಸರದಿ ಬೇಕು? ಮೊದಲ ಸಂಖ್ಯೆ ಎರಡನೆಯದಕ್ಕಿಂತ ಚಿಕ್ಕದಾಗುವವರೆಗೆ ನಿಮ್ಮ ಮುನ್ನಡೆ ಹೊರಗೆ ಕಾಣಬಾರದು. ಮೈತ್ರಿ ಬೇಕಾಗುವುದು ಆ ಹೊತ್ತು ಬರುವವರೆಗೆ ಉಳಿದುಕೊಳ್ಳುವುದಕ್ಕೆ.

ಕೂರುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಪುಟದಲ್ಲಿ ಆಟಗಾರರಿಗೆ ಒಂದೊಂದು ಸಾಲು ಬಿಡಿ, ಪ್ರತಿ ಸಾಲಿನಲ್ಲಿ ಮೂರು ಮನೆ ಎಳೆಯಿರಿ: ಕಾಣುವ ಅಂಕ, ಇರಬಹುದಾದ ಗುಪ್ತ ಅಂಕ, ಕೊಟ್ಟ ಮಾತು. ಇದನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುವವರು ಎರಡನೆಯ ಗಂಟೆಯ ಹೊತ್ತಿಗೆ ತಪ್ಪುತ್ತಾರೆ. ಡಿಪ್ಲೊಮಸಿ ಆಡುವುದಾದರೆ ಮಾತುಕತೆಗೆ ಕಾಲಮಿತಿ ಬೇಕು. ಮೊಬೈಲ್‌ನಲ್ಲಿ ಹದಿನೈದು ನಿಮಿಷದ ಅಲಾರಂ ಇಟ್ಟರೆ ಸಾಕು.

ಇನ್ನೊಂದು ವಿಷಯವನ್ನು ಆಟ ಆರಂಭವಾಗುವ ಮೊದಲೇ ಕೇಳಿಕೊಳ್ಳಿ: ಯಾರು ಎಷ್ಟು ಗಂಟೆಗೆ ಹೊರಡಬೇಕು? ಬೆಂಗಳೂರಿನಲ್ಲಿ ಇದು ಆಟದ ಭಾಗವೇ. ವೈಟ್‌ಫೀಲ್ಡ್‌ನಿಂದ ಬಂದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಅವರ ಕಣ್ಣು ಗಡಿಯಾರದ ಮೇಲಿರುತ್ತದೆ. ಆಟ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿಲ್ಲದೆ ಮುನ್ನುಗ್ಗುವ ಹೊತ್ತನ್ನು ಲೆಕ್ಕ ಹಾಕಲು ಆಗುವುದಿಲ್ಲ.

ಹಂತ 1: ಗೆಲುವಿನ ಗೆರೆಯಿಂದ ಹಿಂದಕ್ಕೆ ಎಣಿಸಿ

ಕ್ಯಾಟನ್‌ನಲ್ಲಿ ಗೆರೆ 10 ಅಂಕ. ಡಿಪ್ಲೊಮಸಿಯಲ್ಲಿ ಒಟ್ಟು 34 ಸಪ್ಲೈ ಸೆಂಟರ್‌ಗಳಲ್ಲಿ (ಸೇನೆ ಸಾಕಲು ಹಿಡಿಯಬೇಕಾದ ಜಾಗಗಳಲ್ಲಿ) 18. ರಿಸ್ಕ್‌ನಲ್ಲಿ 42 ಪ್ರದೇಶಗಳೂ ನಿಮ್ಮದಾಗಬೇಕು.

ಈಗ ಗೆರೆಯಿಂದ ಹಿಂದಕ್ಕೆ ಬನ್ನಿ. ಒಂದೇ ಸರದಿಯಲ್ಲಿ ನೀವು ಹೆಚ್ಚೆಂದರೆ ಎಷ್ಟು ಮುಂದೆ ನೆಗೆಯಬಹುದು? ಸಿದ್ಧತೆ ಮಾಡಿಕೊಂಡಿದ್ದರೆ ಕ್ಯಾಟನ್‌ನಲ್ಲಿ ಮೂರು ನಾಲ್ಕು ಅಂಕ. ಡಿಪ್ಲೊಮಸಿಯಲ್ಲಿ ಒಂದು ವರ್ಷಕ್ಕೆ ಎರಡು ಮೂರು ಸೆಂಟರ್. ರಿಸ್ಕ್‌ನಲ್ಲಿ ಒಬ್ಬರನ್ನು ಮುಗಿಸಿ ಅವರ ಕಾರ್ಡ್‌ಗಳನ್ನು ಪಡೆದರೆ ಒಂದೇ ಸರದಿಯಲ್ಲಿ ಅರ್ಧ ನಕಾಶೆಯೇ ಬದಲಾಗಬಹುದು. ಈ ಕೊನೆಯ ನೆಗೆತದ ಅಳತೆಯೇ ನೀವು ಆಟದ ನಡುವೆ ಎಲ್ಲಿ ನಿಂತಿರಬೇಕು ಎಂಬುದನ್ನು ಹೇಳುತ್ತದೆ. ಕ್ಯಾಟನ್‌ನಲ್ಲಿ 6 ಅಂಕದಲ್ಲಿ ಸದ್ದಿಲ್ಲದೆ ನಿಂತು 10ಕ್ಕೆ ನೆಗೆಯುವವರು, 9ರಲ್ಲಿ ನಿಂತು ಒಂದು ಅಂಕಕ್ಕೆ ಪರದಾಡುವವರಿಗಿಂತ ಗೆಲುವಿಗೆ ಹತ್ತಿರ ಇರುತ್ತಾರೆ.

ಹಂತ 2: ಜೊತೆಗಾರರನ್ನು ಆರಿಸಿ

ಎಲ್ಲರಿಗಿಂತ ಬಲಶಾಲಿಯನ್ನು ಆರಿಸಿದರೆ ಅವರ ಗೆಲುವಿಗೆ ನೀವು ಕೂಲಿ ಮಾಡಿದಂತಾಗುತ್ತದೆ. ಎಲ್ಲರಿಗಿಂತ ದುರ್ಬಲರನ್ನು ಆರಿಸಿದರೆ ಅವರಿಂದ ನಿಮಗೆ ಸಹಾಯ ಸಿಗುವುದಿಲ್ಲ. ನೋಡಬೇಕಾದ್ದು ಒಂದೇ: ಮುಂದಿನ ಮೂರು ಸರದಿಗಳಲ್ಲಿ ಅವರಿಗೆ ಬೇಕಾದದ್ದು ಮತ್ತು ನಿಮಗೆ ಬೇಕಾದದ್ದು ಬೇರೆ ಬೇರೆಯೇ? ಕ್ಯಾಟನ್‌ನಲ್ಲಿ ನಿಮ್ಮ ಕಡೆ ಅದಿರು, ಗೋಧಿ ಚೆನ್ನಾಗಿ ಬರುತ್ತಿದ್ದು ಅವರ ಕಡೆ ಇಟ್ಟಿಗೆ, ಮರ ಬರುತ್ತಿದ್ದರೆ ಅದು ಒಳ್ಳೆಯ ಜೋಡಿ. ನೀವು ಸಿಟಿ ಕಟ್ಟುತ್ತೀರಿ, ಅವರು ರಸ್ತೆ ಹಾಕುತ್ತಾರೆ. ಆದರೆ ಇಬ್ಬರ ರಸ್ತೆಗಳೂ ಒಂದೇ ಖಾಲಿ ಮೂಲೆಯ ಕಡೆ ಸಾಗುತ್ತಿದ್ದರೆ ಆ ಜೋಡಿ ಮೂರು ಸುತ್ತು ಬಾಳುವುದಿಲ್ಲ.

ನಕಾಶೆಯ ಆಟಗಳಲ್ಲಿ ಹೊಸಬರು ಗಡಿಯೇ ಇಲ್ಲದವರೊಡನೆ ಮೈತ್ರಿ ಮಾಡಿಕೊಳ್ಳುತ್ತಾರೆ. ರಿಸ್ಕ್‌ನಲ್ಲಿ ನೀವು ದಕ್ಷಿಣ ಅಮೆರಿಕದಲ್ಲಿದ್ದು ಇನ್ನೊಬ್ಬರು ಆಸ್ಟ್ರೇಲಿಯಾದಲ್ಲಿದ್ದರೆ "ಪರಸ್ಪರ ಹೊಡೆಯುವುದು ಬೇಡ" ಎಂಬ ಮಾತಿಗೆ ಬೆಲೆ ಇಲ್ಲ. ಹೊಡೆಯಲು ಹೇಗೂ ಆಗುತ್ತಿರಲಿಲ್ಲ. ಆಟದ ನಕಾಶೆಯಲ್ಲಿ ಬ್ರೆಜಿಲ್‌ಗೆ ತಾಗಿಕೊಂಡ ನಾರ್ತ್ ಆಫ್ರಿಕಾದಲ್ಲಿ ಇರುವವರೊಡನೆ ಮಾತಾಡಿ. ಆ ಗಡಿ ಶಾಂತವಾದರೆ ನಿಮಗೆ ಕಾಯಲು ಉಳಿಯುವುದು ವೆನೆಜುವೆಲಾದ ಬಾಗಿಲು ಒಂದೇ.

ನಮ್ಮ ಮೇಜಿನಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು: ಒಂದೇ ಬೈಕಿನಲ್ಲಿ ಬಂದ ಇಬ್ಬರು ಮೊದಲ ಸುತ್ತಿನಿಂದಲೇ ಜೋಡಿಯಾಗುತ್ತಾರೆ. ಉಳಿದವರಿಗೆ ಅದು ಕೂಡಲೇ ತಿಳಿಯುತ್ತದೆ, ಇಬ್ಬರ ಅಂಕವನ್ನೂ ಕೂಡಿಸಿ ನೋಡತೊಡಗುತ್ತಾರೆ, ಇಬ್ಬರಿಗೂ ಪೆಟ್ಟು ಬೀಳುತ್ತದೆ. ಹೊರಗಿನ ಸ್ನೇಹವನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬನ್ನಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಹಂತ 3: ಒಪ್ಪಂದ ಚಿಕ್ಕದಾಗಿರಲಿ, ಅದಕ್ಕೊಂದು ಕೊನೆಯ ದಿನ ಇರಲಿ

"ನಾವಿಬ್ಬರೂ ಒಟ್ಟಿಗೆ ಇರೋಣ" ಎಂಬುದು ಒಪ್ಪಂದವಲ್ಲ. ಇಬ್ಬರೂ ಅದಕ್ಕೆ ತಮಗೆ ಬೇಕಾದ ಅರ್ಥ ಕೊಟ್ಟುಕೊಳ್ಳುತ್ತಾರೆ, ಮೊದಲ ತೊಂದರೆ ಬಂದಾಗ ಇಬ್ಬರೂ ಮೋಸಹೋದೆವೆಂದು ನಂಬುತ್ತಾರೆ. ಒಪ್ಪಂದದಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು: ಏನು, ಎಲ್ಲಿ, ಎಲ್ಲಿಯವರೆಗೆ. ರಿಸ್ಕ್‌ನಲ್ಲಿ ನಾನು ಸಾಮಾನ್ಯವಾಗಿ ಹೇಳುವುದು ಹೀಗೆ:

"ಅಣ್ಣ, ಬ್ರೆಜಿಲ್‌ನಲ್ಲಿ ನಾನು ಮೂರಕ್ಕಿಂತ ಹೆಚ್ಚು ಸೇನೆ ಇಡುವುದಿಲ್ಲ, ನಾರ್ತ್ ಆಫ್ರಿಕಾದಲ್ಲಿ ನೀವೂ ಇಡಬೇಡಿ. ನಾಲ್ಕು ಸುತ್ತು ಹೀಗೇ ಇರಲಿ. ಅದಕ್ಕೆ ಮೊದಲೇ ಬೇಡ ಎನಿಸಿದರೆ ಒಂದು ಸುತ್ತು ಮುಂಚೆ ಹೇಳಿಬಿಡೋಣ."

ಈ ಮಾತಿನಲ್ಲಿ ಎಣಿಸಬಹುದಾದ ಸಂಖ್ಯೆ ಇದೆ. ಬೋರ್ಡ್ ನೋಡಿದರೆ ಪಾಲನೆಯಾಗುತ್ತಿದೆಯೇ ಇಲ್ಲವೇ ಎಂದು ತಿಳಿಯುತ್ತದೆ. ಕೊನೆ ಎಲ್ಲಿ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಹೀಗಾಗಿ ನಾಲ್ಕು ಸುತ್ತು ಮುಗಿದ ಮೇಲೆ ನೀವು ಬೇರೆ ದಾರಿ ಹಿಡಿದರೆ ಅದು ದ್ರೋಹವಾಗುವುದಿಲ್ಲ. ಮಾತು ಮುರಿದವರೆಂಬ ಹೆಸರು ಬರದೆ ಒಪ್ಪಂದದಿಂದ ಹೊರಬರಲು ನನಗೆ ತಿಳಿದಿರುವ ಒಳ್ಳೆಯ ದಾರಿ ಇದೊಂದೇ.

ಡಿಪ್ಲೊಮಸಿಯಲ್ಲಿ ಇನ್ನೂ ಬಿಗಿಯಾಗಿ ಮಾತಾಡಬೇಕು. ಅಲ್ಲಿ ದಾಳ ಇಲ್ಲ, ಎಲ್ಲರೂ ಆದೇಶಗಳನ್ನು ಗುಟ್ಟಾಗಿ ಬರೆದು ಒಟ್ಟಿಗೆ ತೆರೆಯುತ್ತಾರೆ, ಕೊಟ್ಟ ಮಾತಿಗೆ ನಿಯಮದ ಬಲ ಇಲ್ಲ. ಆದ್ದರಿಂದ "ನಿಮಗೆ ಬೆಂಬಲ ಕೊಡುತ್ತೇನೆ" ಎಂದಾಗ ಯಾವ ಸೇನೆ, ಎಲ್ಲಿಂದ ಎಲ್ಲಿಗೆ ಹೋಗುವುದಕ್ಕೆ ಎಂದು ಪೂರ್ತಿ ಹೇಳಿಸಿ. ರಷ್ಯಾ ಮತ್ತು ಟರ್ಕಿ ಒಬ್ಬರನ್ನೊಬ್ಬರು ಇನ್ನೂ ನಂಬದಿದ್ದರೆ ಮೊದಲ ಸರದಿಯಾದ 1901ರ ಸ್ಪ್ರಿಂಗ್‌ನಲ್ಲಿ (ಆಟದ ಒಂದೊಂದು ವರ್ಷಕ್ಕೆ ಸ್ಪ್ರಿಂಗ್, ಫಾಲ್ ಎಂದು ಎರಡು ಸರದಿ) ಇಬ್ಬರೂ ಬ್ಲ್ಯಾಕ್ ಸೀಗೆ ಆದೇಶ ಬರೆಯಬಹುದು. ಎರಡು ನೌಕಾಪಡೆಗಳೂ ಡಿಕ್ಕಿ ಹೊಡೆದು ತಮ್ಮ ತಮ್ಮ ಜಾಗದಲ್ಲೇ ಉಳಿಯುತ್ತವೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಜೊತೆಗೆ, ಹೇಳಿದಂತೆ ಬರೆಯುವವರು ಹೌದೇ ಅಲ್ಲವೇ ಎಂಬುದು ಮೊದಲ ಸರದಿಯಲ್ಲೇ ತಿಳಿಯುತ್ತದೆ.

ಸಣ್ಣ ವಿಷಯಗಳಲ್ಲಿ ಸುಳ್ಳು ಹೇಳಬೇಡಿ. ಒಂದು ಉಣ್ಣೆಯ ಕಾರ್ಡ್‌ಗಾಗಿ ಆಡಿದ ಸುಳ್ಳನ್ನು ಜನ ಮೂರು ಭಾನುವಾರ ನೆನಪಿಡುತ್ತಾರೆ.

ಹಂತ 4: ಎರಡನೆಯ ಸ್ಥಾನದಲ್ಲಿ ಬೆಳೆಯಿರಿ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಹಿಂದೆ ಉಳಿಯುವುದು ಬೇರೆ, ಹಿಂದಿರುವಂತೆ ಕಾಣುವುದು ಬೇರೆ. ಎರಡನೆಯದನ್ನು ಮಾಡಿ ಎಂದರೆ ಕೆಲವರು ಮೊದಲನೆಯದನ್ನು ಮಾಡುತ್ತಾರೆ: ಕಟ್ಟುವುದನ್ನು ನಿಲ್ಲಿಸುತ್ತಾರೆ, ಕಾರ್ಡ್ ಕೂಡಿಡುತ್ತಾರೆ, 7 ಬಿದ್ದಾಗ ಅರ್ಧ ಕಳೆದುಕೊಳ್ಳುತ್ತಾರೆ. ಕ್ಯಾಟನ್‌ನಲ್ಲಿ 7 ಬಿದ್ದ ಹೊತ್ತಿನಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡ್ ಹಿಡಿದವರು ಅರ್ಧ ಬಿಸಾಡಬೇಕು ಎಂಬುದು ನೆನಪಿರಲಿ. ಬೆಳವಣಿಗೆ ನಿಲ್ಲಬಾರದು. ಯಾವ ರೂಪದಲ್ಲಿ ಬೆಳೆಯುತ್ತೀರಿ ಎಂಬುದನ್ನು ಆರಿಸಿಕೊಳ್ಳಬೇಕು.

ಮುನ್ನಡೆ ಮೂರು ಬಗೆಯದು. ಮೊದಲನೆಯದು ಬೋರ್ಡಿನ ಮೇಲೆ ಕೂಗಿ ಹೇಳುವಂಥದ್ದು. ಕ್ಯಾಟನ್‌ನ ಲಾಂಗೆಸ್ಟ್ ರೋಡ್ ಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಐದು ತುಂಡು ರಸ್ತೆ ಒಂದೇ ಸಾಲಿನಲ್ಲಿ ಸೇರಿದ ಕೂಡಲೇ 2 ಅಂಕ ಬರುತ್ತದೆ, ಮೇಜಿನ ಎಲ್ಲರ ಕಣ್ಣಿಗೂ ಬೀಳುತ್ತದೆ, ನಿಮಗಿಂತ ಉದ್ದದ ರಸ್ತೆ ಹಾಕಿದವರು ಅದನ್ನು ಕಸಿದುಕೊಳ್ಳಲೂ ಬಹುದು. ಆಟದ ಮೊದಲ ಅರ್ಧದಲ್ಲಿ ಇದನ್ನು ತೆಗೆದುಕೊಂಡವರು ಉಳಿದ ಅರ್ಧವನ್ನು ರಾಬರ್‌ನ (ಕೂತ ಜಾಗದ ಉತ್ಪತ್ತಿ ತಡೆದು ಕಾರ್ಡ್ ಕದಿಯುವ ಕಾಯಿಯ) ಕಾಟದಲ್ಲಿ ಕಳೆಯುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಎರಡನೆಯದು ಎಲ್ಲರ ಎದುರಿಗೇ ಇದ್ದರೂ ಯಾರೂ ಎಣಿಸದಂಥದ್ದು: ದಾಳದಲ್ಲಿ ಹೆಚ್ಚಾಗಿ ಬೀಳುವ 6 ಮತ್ತು 8ರ ಜಾಗದಲ್ಲಿರುವ ಸಿಟಿ, ನಿಮಗೆ ಹೇರಳವಾಗಿ ಬರುವ ವಸ್ತುವಿನ ಎರಡಕ್ಕೊಂದು ಬಂದರು, ಖಾಲಿ ಮೂಲೆಯವರೆಗೆ ಮೊದಲೇ ಹಾಕಿಟ್ಟ ರಸ್ತೆ. ರಿಸ್ಕ್‌ನಲ್ಲಿ ಆಸ್ಟ್ರೇಲಿಯಾ ಇಂಥದ್ದೇ. ಇಡೀ ಖಂಡ ಹಿಡಿದವರಿಗೆ ಪ್ರತಿ ಸರದಿ ಸಿಗುವ ಬೋನಸ್ ಅಲ್ಲಿ ಬರೀ 2 ಸೇನೆ, ಆದರೆ ಒಳಗೆ ಬರಲು ಇರುವುದು ಸಿಯಾಮ್‌ನಿಂದ ಇಂಡೊನೇಷ್ಯಾಕ್ಕೆ ಒಂದೇ ದಾರಿ. ಏಷ್ಯಾದ 7 ಸೇನೆಗಳ ಬೋನಸ್ ಹಿಡಿದವರನ್ನು ಒಂದು ಸುತ್ತು ಉಳಿಯಲು ಯಾರೂ ಬಿಡುವುದಿಲ್ಲ.

ಮೂರನೆಯದು ಮುಚ್ಚಿಟ್ಟದ್ದು. ಕ್ಯಾಟನ್‌ನ 25 ಡೆವಲಪ್‌ಮೆಂಟ್ ಕಾರ್ಡ್‌ಗಳಲ್ಲಿ 14 ನೈಟ್ (ರಾಬರ್‌ನನ್ನು ಸರಿಸುವ ಕಾರ್ಡ್), 5 ಒಂದೊಂದು ಅಂಕದ ಕಾರ್ಡ್‌ಗಳು. ಇವು ಕೈಯಲ್ಲಿದ್ದರೆ 7 ಬಿದ್ದಾಗಲೂ ಕಳೆದುಹೋಗುವುದಿಲ್ಲ, ರಾಬರ್ ಇವನ್ನು ಕದಿಯಲಾರ. ರಿಸ್ಕ್‌ನಲ್ಲಿ ಕಾರ್ಡ್‌ಗಳ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಅದರೊಳಗೆ ಹೊಂದುವ ಮೂರು ಇವೆಯೇ ಎಂಬುದು ಕಾಣುವುದಿಲ್ಲ.

ಆಟದ ನಡುಭಾಗದಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯಲ್ಲಿ ಬೆಳೆಯಿರಿ. ಮೊದಲನೆಯದನ್ನು ಇನ್ನೊಬ್ಬರಿಗೆ ಬಿಡಿ.

ಹಾಗೆ ಬಿಟ್ಟುಕೊಟ್ಟ ಇನ್ನೊಬ್ಬರು ನಿಜವಾಗಿಯೂ ಗೆದ್ದುಬಿಡುವ ಅಪಾಯ ಇದ್ದೇ ಇದೆ. ಆಗ ನೀವೇ ಎಚ್ಚರಿಕೆಯ ಗಂಟೆ ಬಾರಿಸಬೇಕು, ಅದಕ್ಕೂ ಒಂದು ಕ್ರಮ ಇದೆ. ಮೊದಲು ಸಂಖ್ಯೆ ಹೇಳಿ: "ಅವರಿಗೆ ಎಂಟು ಅಂಕ ಇದೆ, ಮುಚ್ಚಿಟ್ಟ ಕಾರ್ಡ್ ಎರಡು." ಆಮೇಲೆ ನಿಮ್ಮ ಪಾಲಿನ ಖರ್ಚು ಹೇಳಿ: "ನನ್ನ ನೈಟ್ ಈಗ ಆಡುತ್ತೇನೆ, ರಾಬರ್ ಅವರ ಅದಿರಿನ ಮೇಲೆ ಇಡುತ್ತೇನೆ." ಕೊನೆಗೆ ಕೇಳಿ: "ಮುಂದಿನ ಎರಡು ಸುತ್ತು ಅವರೊಡನೆ ಯಾರೂ ವಿನಿಮಯ ಮಾಡುವುದು ಬೇಡ." ತಾವು ಏನನ್ನೂ ಕೊಡದೆ "ಯಾರಾದರೂ ಅವರನ್ನು ತಡೆಯಿರಿ" ಎಂದು ಕೂಗುವವರ ಮಾತನ್ನು ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ.

ಬಡತನದ ನಾಟಕವೂ ಬೇಡ. ಆರು ಅಂಕ ಇಟ್ಟುಕೊಂಡು "ನನ್ನ ಆಟ ಮುಗಿಯಿತು" ಎಂದು ಗೋಳಾಡಿದರೆ ಜನ ನಿಮ್ಮ ಅಂಕ ಎಣಿಸಲು ಶುರು ಮಾಡುತ್ತಾರೆ. ಕೇಳಿದರೆ ನಿಜ ಹೇಳಿ, ಕೇಳದಿದ್ದರೆ ಸುಮ್ಮನಿರಿ.

ಹಂತ 5: ಮುನ್ನುಗ್ಗುವ ಸರದಿ

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಆಡಿದ ಒಂದು ಸರದಿಯನ್ನು ಹತ್ತಿರದಿಂದ ತೋರಿಸುತ್ತೇನೆ. ನಾಲ್ವರ ಕ್ಯಾಟನ್. ಎದುರಿಗಿದ್ದ ಗೆಳೆಯನಿಗೆ 8 ಅಂಕ. ಲಾಂಗೆಸ್ಟ್ ರೋಡ್ ಅವನದ್ದೇ, ರಾಬರ್ ಅವನ ಅದಿರಿನ ಮೇಲೆ ಕೂತು ಮೂರು ಸುತ್ತಾಗಿತ್ತು. ತಂಗಿಯ ಬಳಿ ಎರಡೆರಡು ಅಂಕದ ಎರಡು ಸಿಟಿ, ಒಂದೊಂದು ಅಂಕದ ಎರಡು ಸೆಟ್ಲ್‌ಮೆಂಟ್. ಕಾಣುವ ಅಂಕ 6. ಅದುವರೆಗೆ ಆಡಿದ ನೈಟ್ ಎರಡು, ಮೊದಲು ಮೂರು ನೈಟ್ ಆಡಿದವರಿಗೆ ಸಿಗುವ ಲಾರ್ಜೆಸ್ಟ್ ಆರ್ಮಿ ಇನ್ನೂ ಯಾರ ಬಳಿಯೂ ಇರಲಿಲ್ಲ. ಹಿಂದಿನ ಸುತ್ತುಗಳಲ್ಲಿ ಕೊಂಡು ಮುಚ್ಚಿಟ್ಟ ಕಾರ್ಡ್ ಎರಡು: ಒಂದು ನೈಟ್, ಒಂದು ಅಂಕದ್ದು. ಕೈಯಲ್ಲಿ ಇಟ್ಟಿಗೆ, ಮರ, ಗೋಧಿ, ಜೊತೆಗೆ ಒಂದು ಅದಿರು. ಖಾಲಿ ಮೂಲೆಯವರೆಗೆ ರಸ್ತೆ ಎರಡು ಸುತ್ತು ಹಿಂದೆಯೇ ಹಾಕಿದ್ದಳು. ಸೆಟ್ಲ್‌ಮೆಂಟ್ ಕಟ್ಟಲು ಇಲ್ಲದ್ದು ಉಣ್ಣೆ ಒಂದೇ.

ಅವಳ ಸರದಿ ಬಂತು. ಉರುಳಿಸಿದ ದಾಳದಿಂದ ಉಣ್ಣೆ ಬರಲಿಲ್ಲ. ಮೊದಲು ಅವಳು ಮಾಡಿದ್ದು ವಿನಿಮಯ. 5 ಅಂಕದಲ್ಲಿದ್ದವರಿಗೆ "ಒಂದು ಅದಿರು ಕೊಡುತ್ತೇನೆ, ಒಂದು ಉಣ್ಣೆ ಕೊಡುತ್ತೀರಾ?" ಎಂದಳು. 6 ಅಂಕದವಳಿಗೆ ಉಣ್ಣೆ ಕೊಡಲು ಅವರು ಎರಡು ಸಲ ಯೋಚಿಸಲಿಲ್ಲ. ಸೆಟ್ಲ್‌ಮೆಂಟ್ ಕಟ್ಟಿದಳು, 7. ನೈಟ್ ಆಡಿದಳು, ಮೂರನೆಯದು, ಲಾರ್ಜೆಸ್ಟ್ ಆರ್ಮಿಯ 2 ಅಂಕ ಸೇರಿ 9. ಅಂಕದ ಕಾರ್ಡ್ ತಿರುಗಿಸಿ ಇಟ್ಟಳು, 10.

ಕಾರ್ಡ್‌ಗಳು ಅವೇ, ಕ್ರಮ ಮಾತ್ರ ಬೇರೆ ಇದ್ದಿದ್ದರೆ ಏನಾಗುತ್ತಿತ್ತು ನೋಡಿ. ನೈಟ್ ಮೊದಲು ಆಡಿದ್ದರೆ ಅವಳ ಕಾಣುವ ಅಂಕ 8 ಆಗುತ್ತಿತ್ತು. 8 ಅಂಕದವಳಿಗೆ ಆ ಮೇಜಿನಲ್ಲಿ ಯಾರೂ ಉಣ್ಣೆ ಕೊಡುತ್ತಿರಲಿಲ್ಲ. ಅಂಕವನ್ನು ಹಿಂದಿನ ಸುತ್ತಿನಲ್ಲೇ ತೋರಿಸಿದ್ದರೆ ರಾಬರ್ ಅವಳ ಕಡೆ ಬರುತ್ತಿದ್ದ, ಇಟ್ಟಿಗೆಯೋ ಮರವೋ ಕಳುವಾಗುತ್ತಿತ್ತು. ಇನ್ನೊಬ್ಬರ ಒಪ್ಪಿಗೆ ಬೇಕಾದ ಕೆಲಸ ಮೊದಲು, ಇನ್ನೊಬ್ಬರನ್ನು ಗಾಬರಿಗೊಳಿಸುವ ಕೆಲಸ ಕೊನೆಗೆ.

ಕೊಂಡ ಸರದಿಯಲ್ಲೇ ನೈಟ್ ಆಡಲು ನಿಯಮ ಬಿಡುವುದಿಲ್ಲ, ಒಂದು ಸರದಿಗೆ ಒಂದೇ ಡೆವಲಪ್‌ಮೆಂಟ್ ಕಾರ್ಡ್ ಆಡಬಹುದು. ಹಾಗಾಗಿ ಮೂರನೆಯ ನೈಟ್ ಹಿಂದಿನ ಸರದಿಗಳಲ್ಲೇ ಕೈಯಲ್ಲಿರಬೇಕು. ಗೆಲುವು ತರುವ ಅಂಕದ ಕಾರ್ಡ್‌ಗೆ ಮಾತ್ರ ಈ ತಡೆ ಇಲ್ಲ.

ರಿಸ್ಕ್‌ನಲ್ಲಿ ನೆಗೆತ ಎಂದರೆ ಒಬ್ಬರನ್ನು ಪೂರ್ತಿ ಮುಗಿಸುವುದು. ಅವರ ಕಾರ್ಡ್‌ಗಳೆಲ್ಲ ನಿಮಗೆ ಬರುತ್ತವೆ, ನಿಮ್ಮ ಕೈಯಲ್ಲಿ ಆರು ಅಥವಾ ಹೆಚ್ಚು ಆದರೆ ಕೂಡಲೇ ಹೊಂದುವ ಮೂರು ಕಾರ್ಡ್‌ಗಳ ಸೆಟ್ ಕೊಟ್ಟು ಸೇನೆ ಪಡೆಯಬೇಕು. ಸೆಟ್‌ಗಳ ಬೆಲೆ 4, 6, 8, 10, 12, 15 ಎಂದು ಏರುತ್ತದೆ, ಆಮೇಲೆ ಐದೈದು ಹೆಚ್ಚುತ್ತದೆ. ಆಟದ ಆರಂಭದಲ್ಲಿ ಒಬ್ಬರನ್ನು ಮುಗಿಸಿದರೆ ಸಿಗುವುದು ನಾಲ್ಕಾರು ಸೇನೆ, ಕಳೆದುಕೊಳ್ಳುವುದು ಅದರ ಎರಡರಷ್ಟು. ಸೆಟ್‌ನ ಬೆಲೆ 15 ಮುಟ್ಟಿದ ಮೇಲೆ, ನಾಲ್ಕು ಕಾರ್ಡ್ ಹಿಡಿದಿರುವ ದುರ್ಬಲರನ್ನು ಹುಡುಕಿ. ಅವರ ಕೊನೆಯ ಪ್ರದೇಶವನ್ನು ಗೆಲ್ಲುವಷ್ಟು ಸೇನೆ ಇದೆಯೇ ಎಂದು ಎರಡು ಸಲ ಎಣಿಸಿ. ಅರ್ಧಕ್ಕೆ ನಿಂತರೆ ಮುಂದಿನ ಆಟಗಾರರು ಅವರನ್ನು ಮುಗಿಸಿ ಕಾರ್ಡ್‌ಗಳನ್ನು ಒಯ್ಯುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ಒಂದು ಮಾತು. ಏಜ್ ಆಫ್ ಎಂಪೈರ್ಸ್ 2ರಲ್ಲಿ ವಂಡರ್ (ಕಟ್ಟಿ ಕಾಯ್ದುಕೊಂಡರೆ ಗೆಲುವು ತರುವ ಕಟ್ಟಡ) ಕಟ್ಟಲು ಹೊರಟರೆ ಎಲ್ಲ ಆಟಗಾರರಿಗೂ ಸೂಚನೆ ಹೋಗುತ್ತದೆ. ಗೋಡೆ, ಕೋಟೆ, ಸೇನೆ ಮೊದಲು ಸಿದ್ಧವಿರಲಿ, ಅಡಿಪಾಯ ಆಮೇಲೆ.

ಗಡಿಯಾರ ಮತ್ತು ಕೊನೆಯ ಸುತ್ತು

ಡಿಪ್ಲೊಮಸಿ ಒಂದು ಮಧ್ಯಾಹ್ನದಲ್ಲಿ 18 ಸೆಂಟರ್‌ವರೆಗೆ ಹೋಗುವುದು ಅಪರೂಪ. ನಮ್ಮಲ್ಲಿ "1907ರ ಫಾಲ್ ಮುಗಿದ ಮೇಲೆ ಎಣಿಸೋಣ" ಎಂದು ಮೊದಲೇ ನಿಗದಿ ಮಾಡುತ್ತೇವೆ. ಕೊನೆ ಯಾವಾಗ ಎಂದು ಎಲ್ಲರಿಗೂ ಗೊತ್ತಿದ್ದರೆ ಕೊನೆಯ ಸರದಿಯಲ್ಲಿ ಮಾತು ಉಳಿಸಿಕೊಳ್ಳಲು ಯಾರಿಗೂ ಕಾರಣ ಇರುವುದಿಲ್ಲ. ಅದು ತಿಳಿದವರು ಅದಕ್ಕೂ ಒಂದು ಸರದಿ ಮೊದಲೇ ಹೊಡೆಯುತ್ತಾರೆ. ಆದ್ದರಿಂದ ನಿಮ್ಮ ಗಡಿಗಳನ್ನು 1906ರ ಫಾಲ್‌ಗೆ ಮುಂಚೆಯೇ ಭದ್ರ ಮಾಡಿಕೊಳ್ಳಿ. ಮೆಟ್ರೊ ಹಿಡಿಯಲು ಒಬ್ಬರು ಎದ್ದು ನಿಂತು "ಇನ್ನೊಂದೇ ಸುತ್ತು" ಎಂದಾಗಲೂ ಲೆಕ್ಕ ಇದೇ.

ಹಂತ 6: ಮೈತ್ರಿಯಿಂದ ಹೊರಬರುವುದು

ಅವಧಿ ಮುಗಿದ ಒಪ್ಪಂದದಿಂದ ಹೊರಬರುವುದು ಸುಲಭ. "ನಾಲ್ಕು ಸುತ್ತು ಆಯಿತು, ಇನ್ನು ಮುಂದೆ ಅವರವರ ಆಟ" ಎಂದರೆ ಮುಗಿಯಿತು. ಡಿಪ್ಲೊಮಸಿಯಲ್ಲಿ ಮಾತ್ರ ಹೇಳದೆ ಹೊಡೆಯಬೇಕಾಗುತ್ತದೆ, ಆ ಆಟ ಇರುವುದೇ ಹಾಗೆ. ಹಾಗೆ ಹೊಡೆಯುವ ಮೊದಲು ನಾಲ್ಕು ಸಂಗತಿಗಳನ್ನು ಪರೀಕ್ಷಿಸಿ.

ಇದು ಫಾಲ್ ಸರದಿಯೇ? ಸೆಂಟರ್‌ಗಳ ಒಡೆತನ ಬದಲಾಗುವುದು ಫಾಲ್ ಮುಗಿದ ಮೇಲೆ. ಸ್ಪ್ರಿಂಗ್‌ನಲ್ಲಿ ಹೊಡೆದರೆ ಎದುರಾಳಿಗೆ ಎಲ್ಲ ಸೇನೆಗಳೂ ಇರುತ್ತವೆ, ಮರಳಿ ಪಡೆಯಲು ಒಂದು ಸರದಿಯೂ ಇರುತ್ತದೆ. ಫಾಲ್‌ನಲ್ಲಿ ಹೊಡೆದರೆ ಅವರು ಸೇನೆ ತೆಗೆಯಬೇಕು, ನೀವು ಹೊಸದು ಕಟ್ಟುತ್ತೀರಿ.

ಎರಡು ಸೆಂಟರ್ ಖಚಿತವೇ? ಒಂದಕ್ಕಾಗಿ ಸ್ನೇಹ ಕಳೆದುಕೊಳ್ಳಬೇಡಿ. ಒಂದು ಸೆಂಟರ್ ಕಳೆದುಕೊಂಡ ನೆರೆಯವರು ಉಳಿದ ಆಟವನ್ನೆಲ್ಲ ನಿಮ್ಮ ಮೇಲಿನ ಸೇಡಿಗೆ ಮೀಸಲಿಡುತ್ತಾರೆ.

ನಿಮ್ಮ ಮೂಲ ಸೆಂಟರ್‌ಗಳು ಖಾಲಿ ಇವೆಯೇ? ಹೊಸ ಸೇನೆ ಕಟ್ಟುವುದು ಅಲ್ಲಿ ಮಾತ್ರ, ಅದೂ ಖಾಲಿ ಇದ್ದರೆ. ಗೆದ್ದ ಸೆಂಟರ್‌ಗೆ ಕಟ್ಟಲು ಜಾಗ ಇಲ್ಲದೆ ಒದ್ದಾಡುವವರನ್ನು ನಾನು ಬಹಳ ಸಲ ನೋಡಿದ್ದೇನೆ.

ಲಾಭ ಯಾರಿಗೆ? ನೀವಿಬ್ಬರೂ ಕಾದಾಡುವಾಗ ಮೂರನೆಯವರು 18ಕ್ಕೆ ಹತ್ತಿರವಾಗುವುದಾದರೆ ಆ ಹೊಡೆತ ಈ ವರ್ಷ ಬೇಡ.

ಅಪಾಯದ ಸೂಚನೆಗಳು

ಜೊತೆಗಾರರ ಮಾತು ಸಿಹಿಯಾಗಿರುತ್ತದೆ. ಸೇನೆ ಎತ್ತ ಮುಖ ಮಾಡಿದೆ ನೋಡಿ. ನೀವು ರಷ್ಯಾ ಆಗಿದ್ದು, ಸ್ನೇಹ ಎಂದ ಟರ್ಕಿಯ ಸ್ಮಿರ್ನಾ ಸೇನೆ ಆರ್ಮೇನಿಯಾಕ್ಕೆ ಬಂದರೆ ಅದರ ಕಣ್ಣು ಸೆವಾಸ್ಟೊಪೊಲ್ ಮೇಲೆ. ನೀವು ಇಂಗ್ಲೆಂಡ್ ಆಗಿದ್ದು, ಇಂಗ್ಲಿಷ್ ಚಾನೆಲ್ ಖಾಲಿ ಇಡೋಣ ಎಂದ ಫ್ರಾನ್ಸ್ ಬ್ರೆಸ್ಟ್‌ನಲ್ಲಿ ನೌಕಾಪಡೆ ಕಟ್ಟಿದರೆ ಆ ಮಾತುಕತೆಗೆ ಹಿಂತಿರುಗಿ, ಕಾರಣ ಕೇಳಿ.

ಪ್ರತಿ ಸರದಿಯಲ್ಲೂ ನಿಮ್ಮ ಯೋಜನೆ ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ಕೇಳುವುದನ್ನು ನಿಲ್ಲಿಸಿದರೆ ಅದೂ ಸೂಚನೆ. ಅವರ ಯೋಜನೆಯಲ್ಲಿ ನೀವು ಇನ್ನಿಲ್ಲ.

ಕ್ಯಾಟನ್‌ನಲ್ಲಿ ಗುರುತಿಸುವುದು ಸುಲಭ. ಒಂದೇ ಸುತ್ತಿನಲ್ಲಿ ಇಬ್ಬರು ನಿಮ್ಮ ನ್ಯಾಯವಾದ ವಿನಿಮಯವನ್ನು ಬೇಡ ಎಂದರೆ ನಿಮ್ಮ ಗುಪ್ತ ಅಂಕವನ್ನು ಅವರು ಎಣಿಸಿದ್ದಾರೆ. ಬಂದರಿನ ವಿನಿಮಯದಲ್ಲೇ ಮುಗಿಸಲು ಸಾಧ್ಯವೇ ಎಂದು ಕೂಡಲೇ ನೋಡಿಕೊಳ್ಳಿ, ಬೇರೆಯವರ ಒಪ್ಪಿಗೆ ಇನ್ನು ಸಿಗುವುದಿಲ್ಲ.

ಹಂತ 7: ಎಲ್ಲರೂ ಒಂದಾಗಿ ಬಂದಾಗ

ಎಷ್ಟೇ ಎಚ್ಚರಿಕೆ ವಹಿಸಿದರೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ. ಆಗ ಎಲ್ಲರಿಗೂ ತಿರುಗೇಟು ಕೊಡಲು ಹೊರಡಬೇಡಿ, ಅವರು ಇನ್ನಷ್ಟು ಗಟ್ಟಿಯಾಗಿ ಒಂದಾಗುತ್ತಾರೆ. ಕೂಟದಲ್ಲಿ ಯಾರಿಗೆ ಕಡಿಮೆ ಲಾಭವಾಗುತ್ತಿದೆ ಎಂದು ಹುಡುಕಿ, ಅವರೊಬ್ಬರೊಡನೆ ಮಾತಾಡಿ: "ನನ್ನನ್ನು ಇಳಿಸಿದ ಮೇಲೆ ಮುಂದೆ ಇರುವವರು ಯಾರು, ನೀವೇ ಎಣಿಸಿ ನೋಡಿ." ಜೊತೆಗೆ ಕೈಯಲ್ಲಿ ಏನಾದರೂ ಇಡಿ, ಒಂದು ಸೆಂಟರ್, ಎರಡು ಗೋಧಿ, ಗಡಿಯಿಂದ ಹಿಂದೆ ಸರಿಸಿದ ಸೇನೆ. ಬರಿಗೈಯ ಮಾತು ಆ ಹೊತ್ತಿನಲ್ಲಿ ಕೇಳಿಸುವುದಿಲ್ಲ.

ಗೆಲ್ಲುವ ದಾರಿ ಪೂರ್ತಿ ಮುಚ್ಚಿಹೋದರೆ ಯಾರು ಗೆಲ್ಲಬೇಕು ಎಂಬ ತೀರ್ಮಾನ ನಿಮ್ಮ ಕೈಗೆ ಬರಬಹುದು. ಕೋಪದಲ್ಲಿ ಅದನ್ನು ಹಂಚಬೇಡಿ. ಸಾಧ್ಯವಾದಷ್ಟು ಮೇಲಿನ ಸ್ಥಾನಕ್ಕಾಗಿ ಆಡುತ್ತಲೇ ಇರಿ. ಡಿಪ್ಲೊಮಸಿಯಲ್ಲಿ ಡ್ರಾ ಕೇಳುವ ದಾರಿಯೂ ಇದೆ. ಒಬ್ಬರು 18ಕ್ಕೆ ಹೋಗದಂತೆ ತಡೆಯುವ ಸಾಲಿನಲ್ಲಿ ನಿಮ್ಮ ಒಂದೇ ಒಂದು ಸೇನೆ ಬೇಕಾಗಿದ್ದರೂ ಉಳಿದವರು ನಿಮ್ಮನ್ನು ಉಳಿಸಿಕೊಳ್ಳುತ್ತಾರೆ.

ಆಟ ಮುಗಿದು ಕಾಫಿ ಬರುವಷ್ಟರಲ್ಲಿ, ನಿಮ್ಮನ್ನು ಮೊದಲು ಹೊಡೆದವರ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿ: "ನನ್ನನ್ನು ಹೊಡೆಯಬೇಕು ಎಂದು ಯಾವ ಸರದಿಯಲ್ಲಿ ತೀರ್ಮಾನಿಸಿದಿರಿ, ಏನು ನೋಡಿ?" ನೀವು ಊಹಿಸಿದ್ದಕ್ಕಿಂತ ಎರಡು ಮೂರು ಸರದಿ ಹಿಂದಿನ ಒಂದು ನಡೆಯನ್ನು ಅವರು ತೋರಿಸುತ್ತಾರೆ. ಒಂದು ರಸ್ತೆ, ಒಂದು ಕಾರ್ಡ್, ಖುಷಿಯಲ್ಲಿ ಬಾಯಿಂದ ಬಿದ್ದ ಒಂದು ಮಾತು. ಆ ಸರದಿಯ ಸಂಖ್ಯೆಯನ್ನು ಪುಸ್ತಕದ ಅದೇ ಪುಟದಲ್ಲಿ ಬರೆದಿಡಿ, ಮುಂದಿನ ಭಾನುವಾರ ಕೂರುವ ಮೊದಲು ಆ ಪುಟ ತೆರೆಯಿರಿ.